ಹೊಳಬಸಪ್ಪ ಕಾಕಾನ ಕೊನೆಯ ಫೋಟೋ

ಪುಣೆಯ ಹಳೆ ಪೇಟೆಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿಸಿ ತೋರಿಸುವವರು ಹಲವರಿದ್ದರೂ ಬಸವಲಿಂಗನಷ್ಟು ಕಟ್ಟುನಿಟ್ಟಿನವನು ಮತ್ತೊಬ್ಬನಿರಲಿಲ್ಲ. ಬಂದವರನ್ನು ಮೊದಲು ಒಂದು ಕಟ್ಟೆಯ ಮೇಲೆ ಕೂಡಿಸಿ, ಒಂದು ಹೆಜ್ಜೆ ಎತ್ತುವ ಮೊದಲೇ ಹತ್ತು ನಿಮಿಷ ಪಾಠ ಹೇಳುತ್ತಿದ್ದ. ಹೊಸ್ತಿಲ ಹೊರಗೇ ಚಪ್ಪಲಿ ಬಿಡಬೇಕು. ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು. ವಾಡೆಯ ಅಂಗಳದಲ್ಲಿ ಯಾರಾದರೂ ರಂಗೋಲಿ ಹಾಕುತ್ತಿದ್ದರೆ ಮುಗಿಯುವವರೆಗೆ ನಿಲ್ಲಬೇಕು, ದಾಟಬಾರದು. ಒಮ್ಮೆ ತುಳಸಿಗೆ ನೀರೆರೆಯುತ್ತಿದ್ದ ಹೆಂಗಸಿನ ಚಿತ್ರವನ್ನು ಕದ್ದು ತೆಗೆದ ತರುಣನನ್ನು ಅರ್ಧ ದಾರಿಯಿಂದಲೇ ಹಿಂದಕ್ಕೆ ಕಳಿಸಿದ್ದ. ಆ ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಅವನಿಗೆ ಹೆಸರು ತಂದಿತ್ತು.

ಬಂದವರಿಗೆಲ್ಲ ಅವನು 'ಬಸು ಸರ್'. ಅವನ ಮರಾಠಿ ಎಷ್ಟು ಚೊಕ್ಕವೆಂದರೆ ಸದಾಶಿವ ಪೇಟೆಯ ಮುದುಕರು ಕೂಡ ತಪ್ಪು ಹುಡುಕಿ ಸೋತಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ಮಹಾಲಿಂಗಪುರದಿಂದ ಬಂದವನು ತಾನು ಎಂಬುದನ್ನು ಅವನು ಸುಳ್ಳು ಹೇಳಿ ಮುಚ್ಚಿಟ್ಟಿರಲಿಲ್ಲ. ಯಾರೂ ಕೇಳದ ಹಾಗೆ ನೋಡಿಕೊಂಡಿದ್ದ, ಅಷ್ಟೇ.

ಅವನಿಗೆ ಈ ಊರಿನಲ್ಲಿ ನೆಲೆ ಕೊಟ್ಟವರು ಹೊಳಬಸಪ್ಪ. ಗುಳೇದಗುಡ್ಡದವರು, ರವಿವಾರ ಪೇಟೆಯ ಒಂದು ಗಲ್ಲಿಯಲ್ಲಿ ಇಳಕಲ್ ಸೀರೆ ಮತ್ತು ಕುಪ್ಪಸದ ಖಣ ಮಾರುವ ಅಂಗಡಿ ಇಟ್ಟಿದ್ದರು. ಬಸವಲಿಂಗ ನಾಲ್ಕು ವರ್ಷ ಆ ಅಂಗಡಿಯ ಅಟ್ಟದ ಮೇಲೆ ಮಲಗಿ, ಹೊಳಬಸಪ್ಪನವರ ಹೆಂಡತಿ ಗೌರಾಬಾಯಿಯ ಕೈಯ ರೊಟ್ಟಿ ತಿಂದು ಬೆಳೆದ. ಈ ಊರಿನ ಮಾತು, ನಡೆ, ಯಾರ ಮನೆಯಲ್ಲಿ ಹೇಗೆ ಕೂಡಬೇಕು, ಎಷ್ಟು ಹೊತ್ತಿಗೆ ಏಳಬೇಕು ಎಂಬುದನ್ನೆಲ್ಲ ಹೊಳಬಸಪ್ಪನವರೇ ಕಲಿಸಿದ್ದರು. "ಮಂದಿ ಊರಾಗ ಇದ್ದೀವಿ ಬಸು. ಅವರ ರೀತಿ ತಿಳಕೊಂಡು ನಡೀಬೇಕು" ಎನ್ನುತ್ತಿದ್ದರು. ಬಸವಲಿಂಗ ತಿಳಿದುಕೊಂಡ. ಎಷ್ಟು ತಿಳಿದುಕೊಂಡನೆಂದರೆ, ಮುಂದೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ.

ಆ ಶನಿವಾರ ಬೆಳಿಗ್ಗೆ ಆರಕ್ಕೆ ಹೊಳಬಸಪ್ಪನವರ ಮಗ ಧರ್ಮರಾಜನ ಫೋನು ಬಂತು.

"ಬಸು ಅಣ್ಣಾ, ಅಪ್ಪಾ ಹ್ವಾದ್ರು. ನಸುಕಿನ್ಯಾಗ. ಹನ್ನೆರಡಕ್ಕ ಮಣ್ಣು. ನೀ ಹೆಗಲ ಕೊಡಾಕ ಬರಬೇಕಂತ ಅವ್ವ ಹೇಳ್ಯಾಳ."

ಬಸವಲಿಂಗ ಹಾಸಿಗೆಯ ಅಂಚಿಗೆ ಕುಳಿತುಬಿಟ್ಟ. ಆಮೇಲೆ ಗಡಿಯಾರ ನೋಡಿದ. ಅಂದು ಚಾಕಣದ ಒಂದು ಕಾರು ಕಾರ್ಖಾನೆಗೆ ಹೊರದೇಶದಿಂದ ಬಂದ ಎಂಜಿನಿಯರರನ್ನೂ ಅವರ ಮನೆಯವರನ್ನೂ ಸುತ್ತಿಸಬೇಕಾಗಿತ್ತು. ಈ ಒಂದು ಸಲ ಚೆನ್ನಾಗಿ ನಡೆದರೆ ಪ್ರತಿ ವಾರವೂ ಒಂದು ತಂಡ ಕಳಿಸುತ್ತೇವೆಂದು ಕಾರ್ಖಾನೆಯ ಅಧಿಕಾರಿ ಅಮೋಘ ಹೇಳಿದ್ದ.

"ಬರ್ತೀನೋ ಧರ್ಮಾ. ಒಂದ ಕೆಲಸ ಅದ. ಹತ್ತೂವರಿಗೆ ನಿಮ್ಮ ಬಿಬವೇವಾಡಿ ಮನ್ಯಾಗ ಇರ್ತೀನಿ" ಎಂದ.

ಚಾಕಣದ ರಸ್ತೆಯ ಗದ್ದಲದಲ್ಲಿ ಸಿಕ್ಕಿಕೊಂಡು ಬಸ್ಸು ಒಂದೂವರೆ ತಾಸು ತಡವಾಗಿ ಬಂತು. ಹನ್ನೊಂದಾದರೂ ಅವನಿನ್ನೂ ರವಿವಾರ ಪೇಟೆಯ ತಾಮ್ರದ ಪಾತ್ರೆಗಳ ಅಂಗಡಿಸಾಲಿನಲ್ಲೇ ಇದ್ದ. ನೇರವಾಗಿ ರುದ್ರಭೂಮಿಗೇ ಹೋಗಿ ಮಣ್ಣು ಹಾಕಿದರಾಯಿತು ಎಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡ. ಗಂಡನನ್ನು ಅವರು ನಲವತ್ತು ವರ್ಷ ಕೂತ ಅಂಗಡಿಯ ಮುಂದೆ ಕೊನೆಯದಾಗಿ ಒಮ್ಮೆ ಕರೆದೊಯ್ಯಬೇಕೆಂದು ಗೌರಾಬಾಯಿ ಹಟ ಹಿಡಿದದ್ದು ಅವನಿಗೆ ಗೊತ್ತಿರಲಿಲ್ಲ.

ಮೊದಲು ತಾಳದ ಸದ್ದು ಕೇಳಿತು. ಹಿಂದೆಯೇ ಕನ್ನಡದ ಭಜನೆ. ಗಲ್ಲಿಯ ತಿರುವಿನಲ್ಲಿ ಬಾಳೆದಿಂಡು, ಚೆಂಡುಹೂವಿನಿಂದ ಕಟ್ಟಿದ ವಿಮಾನ ಕಾಣಿಸಿಕೊಂಡಿತು. ಲಿಂಗಾಯತರು ತೀರಿಹೋದ ತಮ್ಮವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂಡಿಸಿ ಒಯ್ಯುತ್ತಾರೆ. ಹಣೆ ತುಂಬ ವಿಭೂತಿ, ತಲೆಗೆ ಹೊಸ ರುಮಾಲು, ಕೊರಳಿಗೆ ರುದ್ರಾಕ್ಷಿ, ಹೊಳಬಸಪ್ಪನವರು ಹೂವಿನ ನಡುವೆ ನೆಟ್ಟಗೆ ಕೂತು ಬರುತ್ತಿದ್ದರು.

ಅತಿಥಿಗಳ ಮುಖ ಅರಳಿತು. ಬೆಳಗಿನಿಂದ ಹಳೆಯ ಗೋಡೆ, ಕಂಬ ನೋಡಿ ಬೇಸತ್ತಿದ್ದ ಮಂದಿ. ಅಮೋಘ ನಾಗಪುರದವನು, ಅವನಿಗೂ ಇದು ಹೊಸತು. "ಬಸು ಸರ್, ಏನಿದು? ಯಾವುದಾದರೂ ಗುರುಗಳ ಮೆರವಣಿಗೆಯೇ?" ಎಂದು ಕೇಳಿದ.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇದು ನಮ್ಮ ಕಾಕಾ, ಬೆಳಿಗ್ಗೆ ತೀರಿಕೊಂಡರು, ನಾನು ಹೋಗಬೇಕು. ಇಷ್ಟೇ ಮಾತು. ಆದರೆ ಹದಿನಾಲ್ಕು ಜನ ನಗುತ್ತ ಅವನ ಬಾಯಿಯನ್ನೇ ನೋಡುತ್ತಿದ್ದರು. ಹೆಣ ಎಂದರೆ ಆ ನಗೆ ಅಲ್ಲಿಗೇ ಸಾಯುತ್ತದೆ, ಇವರು ಬಸ್ಸು ಹತ್ತುತ್ತಾರೆ, ಮತ್ತೆ ಬರುವುದಿಲ್ಲ ಎಂದು ಅವನಿಗೆ ತೋರಿತು.

"ಹೌದು, ಒಬ್ಬ ಗುರುಗಳ ಮೆರವಣಿಗೆ" ಎಂದ.

ಅಷ್ಟು ಸಾಕಾಯಿತು. ಫೋನುಗಳು ಮೇಲೆದ್ದವು. ವಿಮಾನ ಹತ್ತಿರ ಬಂದಾಗ ಮುಂದಿನ ಹೆಗಲು ಕೊಟ್ಟಿದ್ದ ಧರ್ಮರಾಜ ಅವನನ್ನು ಕಂಡ. ಬೆವರು ಕಣ್ಣೀರು ಒಂದಾಗಿ ಹರಿಯುತ್ತಿದ್ದ ಮುಖದಲ್ಲಿ ಒಂದಿಷ್ಟು ನಿರಾಳ ಮೂಡಿತು. ಅಣ್ಣ ಬಂದ, ಹೆಗಲು ಕೊಡುತ್ತಾನೆ ಎಂದುಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ.

ಬಸವಲಿಂಗ ಕೈಯೆತ್ತಿದ. "ಜರಾ ಥಾಂಬಾ. ಫೋಟೋ ಘೇತಾಯತ್" ಎಂದ. ಸ್ವಲ್ಪ ನಿಲ್ಲಿ, ಫೋಟೋ ತೆಗೆಯುತ್ತಿದ್ದಾರೆ ಎಂಬುದನ್ನು ಧರ್ಮರಾಜನಿಗೆ, ತಾನು ಎತ್ತಿ ಆಡಿಸಿದ ಹುಡುಗನಿಗೆ, ಮರಾಠಿಯಲ್ಲಿ ಹೇಳಿದ.

ಹೊತ್ತವರು ಗೊಂದಲದಲ್ಲಿ ವಿಮಾನವನ್ನು ಇಳಿಸಿದರು. ಭಜನೆ ತಪ್ಪಿ ನಿಂತಿತು. ಅತಿಥಿಗಳು ಮುತ್ತಿಕೊಂಡರು. ಒಬ್ಬ ತರುಣ ಎಂಜಿನಿಯರ್ ಹೊಳಬಸಪ್ಪನವರ ಹೆಗಲ ಮೇಲೆ ಕೈಯಿಟ್ಟು, ಹಲ್ಲು ಕಿರಿದು ತನ್ನದೇ ಫೋಟೋ ತೆಗೆದುಕೊಂಡ. ಇಬ್ಬರು ಹೆಂಗಸರು ಆಚೀಚೆ ನಿಂತರು.

ಅತಿಥಿಗಳಲ್ಲಿ ಒಬ್ಬ ಎಂಜಿನಿಯರನ ತಾಯಿ ಇದ್ದಳು, ಎಪ್ಪತ್ತು ದಾಟಿದ ಮುದುಕಿ. ಅವಳು ಫೋನು ತೆಗೆದಿರಲಿಲ್ಲ. ಹೊಳಬಸಪ್ಪನವರ ಮುಖವನ್ನು ಒಂದು ಗಳಿಗೆ ನೋಡಿದಳು, ಬಗ್ಗಿ ಬೂಟು ಬಿಚ್ಚಿದಳು, ಬರಿಗಾಲಲ್ಲಿ ನಿಂತು ತಲೆ ತಗ್ಗಿಸಿದಳು. ಆಮೇಲೆ ಬಸವಲಿಂಗನ ಹತ್ತಿರ ಬಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು: "ಇವರು ತೀರಿಕೊಂಡಿದ್ದಾರೆ. ನಿಮಗೆ ಗೊತ್ತಿರಲಿಲ್ಲವೇ?"

"ಇಲ್ಲ" ಎಂದ ಬಸವಲಿಂಗ. "ಇವರು ಹೊರಗಿನ ಜನ. ಇವರ ಪದ್ಧತಿ ನಮಗೆ ತಿಳಿಯದು."

ಧರ್ಮರಾಜ ನಾಲ್ಕಡಿ ದೂರದಲ್ಲಿ ನಿಂತಿದ್ದ. ಬಿ.ಕಾಂ. ಓದಿದವನು, ಇಂಗ್ಲಿಷ್ ತಿಳಿಯುತ್ತಿತ್ತು. ಬಗ್ಗಿ ಕಟ್ಟಿಗೆಗೆ ಹೆಗಲು ಕೊಟ್ಟು, "ಎತ್ರಿ" ಎಂದ. ಭಜನೆಯವರು ಮತ್ತೆ ತಾಳ ಕೂಡಿಸಿದರು.

ಬಸವಲಿಂಗ ಬಿಬವೇವಾಡಿಯ ಮನೆ ತಲುಪುವಷ್ಟರಲ್ಲಿ ಮೂರಾಗಿತ್ತು. ಮಣ್ಣು ಮುಗಿಸಿ ಬಂದವರು ಸ್ನಾನ ಮಾಡಿ ಜಗಲಿಯಲ್ಲಿ ಕೂತಿದ್ದರು. ಒಳಗೆ, ಮೆರವಣಿಗೆಯ ಜೊತೆ ಹೋಗದೆ ಮನೆಯಲ್ಲೇ ಉಳಿದಿದ್ದ ಗೌರಾಬಾಯಿ ಅವನ ಕೈ ಹಿಡಿದು ಅತ್ತಳು.

"ಧರ್ಮಾ ಹೇಳಿದ ನನಗ. ಅಂಗಡಿ ಮುಂದ ನೀನ ವಿಮಾನ ನಿಲ್ಲಿಸಿ ಕಾಲ ಮುಟ್ಟಿದೆಂತ. ನಿನ್ನ ಕೂಡ ಬಂದಿದ್ದ ದೊಡ್ಡ ಮಂದೀನೂ ಕೈ ಮುಗದ್ರಂತ. ಭಾಳ ಛಲೋ ಆತಪ್ಪ. ಅವರಿಗೆ ನಿನ್ನ ಮ್ಯಾಲ ಜೀವ ಇತ್ತು."

ಬಸವಲಿಂಗ "ಹೂಂ, ಕಾಕು" ಎಂದಷ್ಟೇ ಅಂದ.

ಹೊರಗೆ ಬಂದಾಗ ಧರ್ಮರಾಜ ಗೇಟಿನವರೆಗೂ ಜೊತೆಗೆ ಬಂದ.

"ಅವ್ವನ ಸಲುವಾಗಿ ಹಂಗ ಹೇಳೀನಿ. ಆಕೀಗೆ ಇದ್ದದ್ದ ಹೇಳಿದ್ರ ತಡಕೊಳ್ಳೂದಿಲ್ಲ. ನೀವು ಇನ್ನ ಮ್ಯಾಲ ಈ ಮನಿಗೆ ಬರಬ್ಯಾಡ್ರಿ."

ಮಾತು ಬಂದಂದಿನಿಂದ 'ನೀ' ಎಂದವನ ಬಾಯಲ್ಲಿ 'ನೀವು' ಬಂದದ್ದು ಬಸವಲಿಂಗನಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಧರ್ಮರಾಜ ಆಗಲೇ ಬೆನ್ನು ತಿರುಗಿಸಿದ್ದ.

ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಅವನ ಹೆಂಡತಿ ಸುಮಂಗಲಾ ಒಬ್ಬಳೇ ಹೋದಳು. ಗಂಡನಿಗೆ ಕೆಲಸವಿದೆ ಎಂದು ಹೇಳಿಕೊಂಡಳು. ಸಂಜೆ ಬಂದವಳು ಚಪ್ಪಲಿ ಬಿಡುತ್ತಲೇ ಅಂದಳು: "ಕಾಕು ಒಂದ ಮಾತ ಕೇಳ್ಯಾರ. ಅವತ್ತ ನಿಮ್ಮ ಕೂಡ ಬಂದವ್ರು ಫೋಟೋ ತಗದಿದ್ರಂತಲ್ಲ. ಮನ್ಯಾಗ ಆ ದಿನದ್ದ ಒಂದೂ ಇಲ್ಲಂತ. ಒಂದ ತರಿಸಿ ಕೊಡ ಅಂದಾರ."

ಬಸವಲಿಂಗ ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ ಅಮೋಘನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದ.

"ನೀವು ಒಂದು ಮಾತು ಹೇಳಿದ್ದರೆ ನಾವೆಲ್ಲ ಪಕ್ಕಕ್ಕೆ ನಿಲ್ಲುತ್ತಿದ್ದೆವಲ್ಲ ಸರ್" ಎಂದ ಅಮೋಘ. "ನಿಮ್ಮನ್ನು ಅಲ್ಲಿಗೆ ಕಳಿಸಿಕೊಡುತ್ತಲೂ ಇದ್ದೆವು."

ಅಮೋಘ ಎಲ್ಲರಿಂದಲೂ ಫೋಟೋಗಳನ್ನು ಕೂಡಿಸಿ ಕಳಿಸಿದ. ಮತ್ತೆಂದೂ ಅವನ ಫೋನು ಬರಲಿಲ್ಲ.

ಮೂವತ್ತೆಂಟು ಫೋಟೋ. ಅವುಗಳಲ್ಲಿ ಹೊಳಬಸಪ್ಪನವರು ಒಬ್ಬರೇ ಇದ್ದದ್ದು ಒಂದೂ ಇಲ್ಲ. ಎಲ್ಲದರಲ್ಲೂ ಯಾರದೋ ನಗೆ, ಯಾರದೋ ಎತ್ತಿದ ಎರಡು ಬೆರಳು. ಮುಖ ಸ್ಪಷ್ಟವಾಗಿದ್ದದ್ದು ಒಂದೇ, ಆ ತರುಣ ಹೆಗಲ ಮೇಲೆ ಕೈಯಿಟ್ಟದ್ದು. ಅದನ್ನೇ ಸ್ಟುಡಿಯೋ ಪ್ರೇಮಕುಮಾರನಿಗೆ ಒಯ್ದು ತೋರಿಸಿದ.

"ಈ ಮನಿಷ್ಯಾನ್ನ ತಗೀಬಹುದ್ರಿ" ಎಂದ ಪ್ರೇಮಕುಮಾರ. "ಕೈ ಮಾತ್ರ ಬರೂದಿಲ್ಲ. ತಗದ್ರ ಕಾಕಾರ ಹೆಗಲ ಕೆಡತದ. ಬಣ್ಣ ಒಂದೀಟ ಮಂಕ ಮಾಡಿ ಕೊಡ್ತೀನಿ."

ಕಟ್ಟು ಹಾಕಿಸಿದ ಫೋಟೋವನ್ನು ಸುಮಂಗಲಾ ಬಿಬವೇವಾಡಿಗೆ ಒಯ್ದಳು. ಬಸವಲಿಂಗ ಮನೆಯಲ್ಲಿ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದ. ಅವಳು ಬಂದು ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಗೆ ಒರಗಿದಳು.

"ಕೊಟ್ಟೆ. ಕಾಕು ಹಾರ ಹಾಕಿದ್ರು. ಹೆಗಲ ಮ್ಯಾಲಿನ ಕೈ ನಿಮ್ದ ಅಂತ ತಿಳಕೊಂಡಾರ. 'ನೋಡ್ರವಾ, ನಮ್ಮ ಬಸು ಹೆಂಗ ಹಿಡಕೊಂಡಾನ' ಅಂತ ಬಂದವ್ರಿಗೆಲ್ಲಾ ತೋರಸಾಕತ್ತಾರ."

"ಧರ್ಮಾ?"

"ಎದ್ದು ಹೊರಗ ಹ್ವಾದ."

"ನೀ ಏನಂದಿ?"

"ಏನನ್ಲಿ? ಹೌದ್ರಿ ಕಾಕು, ಅವರದ ಕೈ ಅಂದೆ." ಸುಮಂಗಲಾ ಅವನ ಮುಖ ನೋಡಲಿಲ್ಲ. "ಆದ್ರ ಇನ್ನೊಮ್ಮೆ ನನ್ನ ಆ ಮನಿಗೆ ಕಳಸಬ್ಯಾಡ್ರಿ."