ಸಾಹುಕಾರರ ಅಳತೆ

ಹಾಲಿನ ಪುಡಿ ಕಂಪನಿಯ ಪರವಾಗಿ ದಾವಣಗೆರೆಯ ಮನೆಗಳಿಗೆ ಹೋಗಿ ಪುಡಿ ಕಲಸುವ ಕ್ರಮ ಹೇಳಿಕೊಡುತ್ತಿದ್ದೆ. ಒಬ್ಬ ಜೋಳದ ವ್ಯಾಪಾರಿಯ ಎಳೆ ಮೊಮ್ಮಗನಿಗೆ ಮೂರು ದಿನದಿಂದ ಮಲ ಕಟ್ಟಿ ಹೊಟ್ಟೆ ಬಿಗಿದಿತ್ತು. ಅಳತೆಯ ಕೆಲಸವನ್ನು ಬೇರೆಯವರಿಗೆ ಬಿಡದ ಸಾಹುಕಾರರು ತಾವೇ ಚಮಚದಲ್ಲಿ ಗೋಪುರದಂತೆ ಪುಡಿ ತುಂಬುತ್ತಿದ್ದರು.

"ಮಟ್ಟವಾಗಿ ಸವರಿ ಹಾಕಿ. ಹಾಲು ಗಟ್ಟಿಯಾದರೆ ಕೂಸಿಗೆ ಅಪಾಯ," ಎಂದೆ.

"ಸವರಿ ಅಳೆಯೋದು ಗಿರಾಕಿಗೆ. ಮೊಮ್ಮಗಗೆ ಯಾಕ್ರಿ?"

"ಅವನನ್ನೂ ಗಿರಾಕಿ ಅಂತಲೇ ತಿಳಿಯಿರಿ."

ಮನಸ್ಸಿಲ್ಲದೆ ಒಪ್ಪಿದರು. ವಾರ ಬಿಟ್ಟು ಹೋದರೆ ಹೊಟ್ಟೆ ಸರಿಯಾಗಿತ್ತು, ಆದರೆ ಕೂಸು ಹಸಿದು ಅಳುತ್ತಿತ್ತು. ಸಾಹುಕಾರರು ಅಳೆದು ತೋರಿಸಿದರು. ಪುಡಿಯನ್ನು ಮಟ್ಟವಾಗಿಯೇ ಸವರಿದ್ದರು. ಅಭ್ಯಾಸಬಲದಿಂದ ಹೆಬ್ಬೆರಳು ಮಾತ್ರ ಚಮಚದೊಳಗಿತ್ತು.

ಕೈ ತೊಳೆಸಿ, ಬೆರಳು ಹೊರಗಿಡಿಸಿದೆ. ಡಬ್ಬಿಯ ಮೇಲೆ ಈ ಸೂಚನೆಯನ್ನೂ ಅಚ್ಚು ಹಾಕಿಸಿ ಎಂದು ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ. ಅಲ್ಲಿ ಯಾರೂ ಚಿಲ್ಲರೆ ಜೋಳ ಕೊಂಡವರಿರಲಿಲ್ಲವೆಂದು ಕಾಣುತ್ತದೆ.