ಹುಲಗೂರಿನ ಶಾಕೀರಾ ಮತ್ತು ಶಂಭುಲಿಂಗನ ‘ಸ್ವಂತ’ ಯಂತ್ರ

ಶಾಕೀರಾ ಹುಲಗೂರಿನವಳು. ಅಪ್ಪ ಬಿಲಾಲ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ. ಮಗಳಿಗೂ ಎಲ್ಲವನ್ನೂ ಬಿಚ್ಚಿ ನೋಡುವ ಚಟ. ಶಿಗ್ಗಾಂವಿಯ ನಮ್ಮ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಅವಳು ಕಂಪ್ಯೂಟರ್ ನೋಡುತ್ತಾಳೆ, ನಾನು ಜನರೇಟರ್. ಯಾರ ಚೀಲ ಯಾವ ಕೋಣೆಯಲ್ಲಿದೆ ಎಂಬುದೆಲ್ಲ ಅವಳ ಯಂತ್ರದಲ್ಲೇ. ಅದರ ಪಾಸ್‌ವರ್ಡ್ ಮಾತ್ರ ಅದನ್ನು ಕೂಡಿಸಿದ ಹುಬ್ಬಳ್ಳಿಯ ಶಂಭುಲಿಂಗನ ಹತ್ತಿರ.

ಮಾರ್ಚಿನಲ್ಲಿ ಯಂತ್ರ ನಿಂತಿತು. ಮೂರು ದಿನ ಆ ಮನುಷ್ಯ ಫೋನ್ ಎತ್ತಲಿಲ್ಲ. ಸವಣೂರು, ಹಿರೇಕೆರೂರಿನಿಂದ ಚೀಲ ಒಯ್ಯಲು ಬಂದವರು ಶಾಕೀರಾಳನ್ನು ಬಾಯಿಗೆ ಬಂದಂತೆ ಬೈದರು. ನಾಲ್ಕನೆಯ ದಿನ ಅವಳು ಯಂತ್ರದಲ್ಲಿದ್ದ ಹಳೆಯದನ್ನೆಲ್ಲ ಅಳಿಸಿ ರಾಕಿ ಲಿನಕ್ಸ್ ಹಾಕಿದಳು. ದೊಡ್ಡ ಕಂಪನಿಗಳ ಕಂಪ್ಯೂಟರುಗಳನ್ನೂ ನಡೆಸಬಲ್ಲ ವ್ಯವಸ್ಥೆಯಂತೆ. ಹಲವು ದೇಶದ ಜನ ಕೂಡಿ ಕಟ್ಟಿ, ಯಾರಾದರೂ ಪುಕ್ಕಟೆ ಒಯ್ಯಿರಿ ಎಂದು ಬಿಟ್ಟದ್ದು. ದಿನಾ ತೆಗೆದಿಟ್ಟಿದ್ದ ಪ್ರತಿಯಿಂದ ಚೀಲಗಳ ವಿವರ ತುಂಬಿದಳು. ಸಂಜೆಯೊಳಗೆ ಗೇಟು ಖಾಲಿ.

ಆಗ ಬಂದ ಶಂಭುಲಿಂಗ! ಸ್ಟೋರೇಜಿನ ಅಧ್ಯಕ್ಷ ಪರಮೇಶ್ವರಪ್ಪನವರ ಮುಂದೆ, “ಪುಕ್ಕಟೆ ಮಾಲು ತಂದು ಕಳ್ಳರಿಗೆ ಬಾಗಲಾ ತಗದಾಳ್ರಿ ಈಕಿ. ಮೊದಲ ಮನೀಗೆ ಕಳಸ್ರಿ” ಎಂದ. ಶನಿವಾರ ಡೈರೆಕ್ಟರುಗಳ ಮೀಟಿಂಗಿನಲ್ಲಿ ಅವಳ ಕೆಲಸದ ತೀರ್ಮಾನ ಎಂದಾಯಿತು. ನಾನು ಸ್ಪ್ಯಾನರ್ ಹಿಡಿದು ಹೊರಟಿದ್ದೆ.

“ಕಾಕಾ, ಕೈ ಹಚ್ಚಬ್ಯಾಡ್ರಿ,” ಶಾಕೀರಾ ತಡೆದಳು. “ಖರೇ ಏನಂತ ಅಂವನ ಬಾಯಿಂದನ ಹೇಳಸ್ತೇನಿ.”

ಶನಿವಾರ ಮೀಟಿಂಗಿಗೆ ಶಂಭುಲಿಂಗ ಹೊಸ ಯಂತ್ರ ತಂದ. ಪರದೆ ತುಂಬ ಅವನ ಕಂಪನಿಯ ಗುರುತು. “ಇದು ನಾವ ಐದು ವರ್ಷ ಕುಂತು ಕಟ್ಟಿದ್ರಿ. ಜಗತ್ತಿನ್ಯಾಗ ಇಂಥಾದ್ದು ಇನ್ನೊಂದಿಲ್ಲ.”

“ಒಂದ ಸಾಲು ಬರೀಲ್ರಿ ಸರ?” ಎಂದಳು ಶಾಕೀರಾ. ಯಂತ್ರದೊಳಗಿನ ವ್ಯವಸ್ಥೆಯ ಹೆಸರು ಕೇಳುವ ಸಾಲು ಅದು. ಒತ್ತಿದಳು. ರಾಕಿ ಲಿನಕ್ಸ್ ಎಂದು ಬಂತು. ಮೇಲಿನ ಚಿತ್ರ ಬದಲಿಸಿದ್ದ ಭೂಪ, ಒಳಗಿನ ಹೆಸರು ಹಾಗೇ ಬಿಟ್ಟಿದ್ದ.

“ಓದ್ರಿ.”

“ಅದು... ಟೆಕ್ನಿಕಲ್ ಐತಿ.”

“ಕಣ್ಣಿಗೆ ಚಾಳೀಸ್ ಕೊಡ್ಲೇನೋ?” ನಾನು ಬಾಗಿಲಿನಿಂದ ಕೂಗಿದೆ.

ಓದಿದ. ಡೈರೆಕ್ಟರುಗಳು ನಕ್ಕರು. ಶಾಕೀರಾ ನಗಲಿಲ್ಲ. “ಒಯ್ದದ್ದು ತಪ್ಪಲ್ರಿ, ಅದು ಎಲ್ಲಾರದು. ನಿಮ್ಮ ಕೈಯಾಗ ಇದ್ರ ಸ್ವಂತದ್ದು, ನನ್ನ ಕೈಯಾಗ ಇದ್ರ ಕಳ್ಳರ ಬಾಗಲೇನ್ರಿ?”

“ನಿನ್ನ ಕೆಲಸಕ್ಕ ಏನೂ ಆಗೂದಿಲ್ಲವಾ, ಇನ್ನ ಬಿಡು” ಎಂದರು ಪರಮೇಶ್ವರಪ್ಪ.

ಅವಳು ಬಿಡಲಿಲ್ಲ. ಠರಾವು ಪುಸ್ತಕ ತಂದು ಶಂಭುಲಿಂಗನ ಮುಂದಿಟ್ಟಳು. ‘ಶಾಕೀರಾ ಹಾಕಿದ್ದೂ ನಾನು ತಂದದ್ದೂ ಒಂದೇ, ನಾನು ಹೇಳಿದ್ದು ಸುಳ್ಳು’ ಎಂದು ಅವನ ಕೈಯಿಂದಲೇ ಬರೆಸಿದಳು. ಬೆವರುತ್ತ ಬರೆದು, ಸಹಿ ಹಾಕಿ, ಎದ್ದ.

ಶಾಕೀರಾ ಬಗ್ಗಿ ನೋಡಿದಳು.

“ಅಕ್ಷರ ಭಾಳ ಸಣ್ಣ ಆದ್ವು. ಕುಂದರ್ರಿ, ಇದಕ್ಕ ಗೆರಿ ಹೊಡದು ದೊಡ್ಡದಾಗಿ ಬರೀರಿ.”