ಹೊಸ ಮೆಟ್ಟಿಗೆ ಟೈರಿನ ಅಟ್ಟೆ

ಮಲ್ಲಿಪಟ್ಟಣದ ಕೆಂಚಯ್ಯನವರ ಮನೆಯಲ್ಲಿ ಹೊಸ ಚಪ್ಪಲಿ ನೆಲ ಮುಟ್ಟುವ ಮೊದಲು ಒಂದು ಸಲ ಅರಕಲಗೂಡಿಗೆ ಹೋಗಿಬರಬೇಕಿತ್ತು. ಅಲ್ಲಿ ಬಸ್ ಸ್ಟ್ಯಾಂಡಿನ ಪಕ್ಕ ಮರದಡಿ ಕೂರುವ ಸಿದ್ದೇಶ್ವರ ಅದರ ತಳಕ್ಕೆ ಹಳೇ ಟೈರಿನ ಅಟ್ಟೆ ಅಂಟಿಸಿ, ಸುತ್ತಲೂ ಬಿಳಿ ದಾರದಲ್ಲಿ ಹೊಲಿದು ಕೊಟ್ಟ ಮೇಲೆಯೇ ಅದು ಮೆಟ್ಟಲು ಯೋಗ್ಯ. ಅಂಗಡಿಯವರು ಹಾಕಿದ ಅಟ್ಟೆಯನ್ನು ಕೆಂಚಯ್ಯನವರು ಯಾವತ್ತೂ ನಂಬಿದವರಲ್ಲ. ಅಳತೆಯ ವಿಷಯದಲ್ಲೂ ಅವರದೊಂದು ಪದ್ಧತಿ: ಕಾಲಿಗಿಂತ ಒಂದು ನಂಬರ್ ದೊಡ್ಡದು. ಮಗಳು ಶೋಭಿತಾ ಶಾಲೆಗೆ ಹೋಗುವಾಗ ಬೂಟಿನ ತುದಿಗೆ ಹತ್ತಿ ತುರುಕಿಕೊಂಡೇ ಹೋದವಳು. ಕಾಲು ಬೆಳೆದು ಹತ್ತಿ ತೆಗೆಯುವ ಹೊತ್ತಿಗೆ ಬೂಟಿನ ಮೇಲ್ಭಾಗ ಹರಿದು ಹೋಗಿರುತ್ತಿತ್ತು. ಅಟ್ಟೆ ಮಾತ್ರ ಗಟ್ಟಿಯಾಗಿಯೇ ಇರುತ್ತಿತ್ತು.

ಕೆಂಚಯ್ಯನವರು ಹುಡುಗರಾಗಿದ್ದಾಗ ಅವರ ಕೇರಿಯವರು ಊರೊಳಗಿನ ಬೀದಿ ಹಾಯುವಾಗ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಆ ಕಾಲ ಹೋಯಿತು. ಈಗ ಅವರ ಗೋಡೆಯ ಮೇಲೆ ಬುದ್ಧನ ಪಟವಿದೆ, ಯಾವ ಬೀದಿಯಲ್ಲಿ ಯಾರು ಏನು ಮೆಟ್ಟಿದರೂ ಕೇಳುವವರಿಲ್ಲ. ಆದರೂ ಕಾಲಿಗೆ ಬಂದ ಮೆಟ್ಟು ಬೇಗ ಹೋಗಬಾರದು ಎಂಬುದು ಅವರಲ್ಲಿ ಹಾಗೇ ಉಳಿದುಬಿಟ್ಟಿತ್ತು. ರಾಮನಾಥಪುರದ ತಂಬಾಕು ಮಾರುಕಟ್ಟೆಯಲ್ಲಿ ಬೇಲು ಹೊರುವ ಕೂಲಿ ಮಾಡುವಾಗಲೂ ಅವರ ಕಾಲಲ್ಲಿದ್ದದ್ದು ಟೈರಿನ ಅಟ್ಟೆಯೇ.

ಶೋಭಿತಾಗೆ ಈಗ ಮೂವತ್ತೊಂದು. ಹಾಸನದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಚೆಕಿಂಗ್ ಟೇಬಲ್ಲಿನ ಮುಂದೆ ವರ್ಷಗಟ್ಟಲೆ ನಿಂತವಳು. ಅಲ್ಲಿ ಕೂರುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಪಾದ ಊದಿ, ಚಪ್ಪಲಿಯ ಪಟ್ಟಿ ಚರ್ಮದೊಳಗೆ ಇಳಿದಿರುತ್ತಿತ್ತು. ಒಂದು ವರ್ಷ ಫ್ಯಾಕ್ಟರಿಯ ವಾರ್ಷಿಕೋತ್ಸವಕ್ಕೆ ಹುಡುಗಿಯರಿಗೆ ಕುಣಿತ ಹೇಳಿಕೊಡಲು ಆತ್ರೇಯ ಬಂದರು. ಹೊಳೆನರಸೀಪುರದ ದೇವಸ್ಥಾನದ ಬೀದಿಯ ಮನೆತನದವರು. ಮನೆಯವರ ಮುನಿಸು ಕಟ್ಟಿಕೊಂಡು ಪರದೇಶದ ನೃತ್ಯಗಳನ್ನು ಕಲಿತು, ಹಾಸನದಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು ಕ್ಲಾಸ್ ನಡೆಸುತ್ತಿದ್ದರು. ಅವರು ಕರೆದರು, ಶೋಭಿತಾ ಟೇಬಲ್ ಬಿಟ್ಟಳು. ಮಕ್ಕಳಿಗೆ ಸಿನಿಮಾ ಹಾಡಿನ ಹೆಜ್ಜೆ ಕಲಿಸುವುದು ಅವಳ ಕೆಲಸ. ಮಕ್ಕಳು ಮನೆಗೆ ಹೋದ ಮೇಲೆ ಆತ್ರೇಯ ಮತ್ತು ಅವರ ಹೆಂಡತಿ ಹಂಸ ಅವಳಿಗೆ ಟ್ಯಾಂಗೋ ಕಲಿಸಿದರು.

ಟ್ಯಾಂಗೋ ಎಂದರೆ ಗಂಡು ಹೆಣ್ಣು ಒಬ್ಬರನ್ನೊಬ್ಬರು ತೋಳಲ್ಲಿ ಬಳಸಿ ನಡೆಯುವ ನೃತ್ಯ. ಜಿಗಿತವಿಲ್ಲ, ಗೆಜ್ಜೆಯಿಲ್ಲ. ಹೆಣ್ಣು ಹೆಚ್ಚಾಗಿ ಹಿಂದಕ್ಕೆ ನಡೆಯುತ್ತಾಳೆ. ನಡೆಯುತ್ತ ನಡೆಯುತ್ತ ಪಾದದ ಮುಂಭಾಗದ ಮೇಲೆ ಮೈಭಾರವನ್ನೆಲ್ಲ ನಿಲ್ಲಿಸಿ ಸರ್ರನೆ ತಿರುಗುತ್ತಾಳೆ. ಹಿಂದೆ ಆತ್ರೇಯರ ಜೊತೆ ತಿರುಗುತ್ತಿದ್ದವರು ಹಂಸ. ಬೆನ್ನುನೋವು ಕಚ್ಚಿಕೊಂಡ ಮೇಲೆ ಅವರು ಕುರ್ಚಿ ಹಾಕಿ ಕೂತು ನೋಡುವವರಾದರು. ಶೋಭಿತಾ ಊರಲ್ಲಿ ಹೇಳಿದ್ದು, ತಾನು ಮಕ್ಕಳಿಗೆ ಡ್ಯಾನ್ಸ್ ಕಲಿಸುತ್ತೇನೆ ಎಂದಷ್ಟೆ. ಪರಗಂಡಸಿನ ತೋಳಿನ ವಿಷಯವನ್ನು ಅಪ್ಪನ ಮುಂದೆ ಎತ್ತುವ ಬಗೆ ಅವಳಿಗೆ ಹೊಳೆದಿರಲಿಲ್ಲ.

ಕ್ಲಾಸಿಗೆ ಬರುವ ಮಕ್ಕಳು ಕಡಿಮೆಯಾಗುತ್ತ ಬಂದರು. ಈ ವರ್ಷ ಬೇಸಿಗೆ ಮುಗಿದ ಮೇಲೆ ಮಹಡಿ ಬಿಟ್ಟುಕೊಟ್ಟು ಒಂದು ಶಾಲೆಗೆ ಸೇರುವುದಾಗಿ ಆತ್ರೇಯ ತಿಳಿಸಿದರು. ಅದೇ ಹೊತ್ತಿಗೆ ಹಿರೀಸಾವೆ ದಾಟಿ ಹೆದ್ದಾರಿಯಿಂದ ಒಳಗೆ ಹೊಸದಾಗಿ ತೆರೆದಿದ್ದ ರೆಸಾರ್ಟಿನವರು, ಅತಿಥಿಗಳಿಗೆ ಜೋಡಿ ನೃತ್ಯ ಕಲಿಸಲು ಒಬ್ಬ ಹೆಂಗಸು ಬೇಕೆಂದರು. ತಿಂಗಳ ಸಂಬಳ, ಇರಲು ಕೋಣೆ. ಜೊತೆಗಾರನನ್ನು ಕರೆತಂದು ಕುಣಿದು ತೋರಿಸಬೇಕು. ಸಿಕ್ಕರೆ ಆ ಕೆಲಸ, ಸಿಗದಿದ್ದರೆ ಮತ್ತೆ ಚೆಕಿಂಗ್ ಟೇಬಲ್. ಶೋಭಿತಾಗೆ ಮೂರನೆಯ ದಾರಿ ಕಾಣಲಿಲ್ಲ.

ಅದುವರೆಗೆ ಅವಳು ಅಭ್ಯಾಸ ಮಾಡುತ್ತಿದ್ದದ್ದು ಹಾಸನದಲ್ಲೇ ಕೊಂಡ, ಮದುವೆಮನೆಗೆ ಹಾಕಿಕೊಳ್ಳುವಂಥ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ. ರೆಕ್ಸಿನ್ನಿನ ಪಟ್ಟಿ ಬೆವರಿಗೆ ಜಾರುತ್ತಿತ್ತು, ಹಿಮ್ಮಡಿ ಅಲುಗಾಡುತ್ತಿತ್ತು, ಕಿರುಬೆರಳಿನ ಉಗುರು ಕಪ್ಪಾಗಿ ಬಿದ್ದುಹೋಗಿತ್ತು. ಕೊನೆಗೆ ಪಟ್ಟಿಯೂ ಕಿತ್ತುಬಂತು. ಹಂಸ ಅದನ್ನು ಎತ್ತಿ ಮಧ್ಯಕ್ಕೆ ಬಗ್ಗಿಸಿದರೆ ರೊಟ್ಟಿಯ ಹಾಗೆ ಮಡಚಿಕೊಂಡಿತು. ನೃತ್ಯದ ಮೆಟ್ಟು ಬೆರಳಿನ ಬುಡದಲ್ಲಿ ಬಗ್ಗಬೇಕು, ನಡುವೆ ಬಗ್ಗಬಾರದು, ಅಲ್ಲಿ ಒಳಗೊಂದು ಉಕ್ಕಿನ ಪಟ್ಟಿ ಇರಬೇಕು ಎಂದು ಅವರು ತೋರಿಸಿಕೊಟ್ಟರು. ಮೆಟ್ಟಿನ ಎತ್ತರದ ಕಂಬ ನೇರವಾಗಿ ಹಿಮ್ಮಡಿಯ ಕೆಳಗೇ ಬರಬೇಕು. ಕಣಕಾಲಿಗೆ ಪಟ್ಟಿ ಬೇಕು. ಮೇಲೆ ಒಳ್ಳೆ ಚರ್ಮ. ತಳಕ್ಕೆ ಮಾತ್ರ ರೋಮ ಎಬ್ಬಿಸಿದ ಮೆದು ಚರ್ಮ. ಜಾರಲೂ ಬಾರದು, ಹಿಡಿಯಲೂ ಬಾರದು, ನೆಲದ ಮೇಲೆ ಪಾದ ತಿರುಗಲು ಬಿಡಬೇಕು. ಬೀದಿಗೆ ಹಾಕದೆ, ಆಗಾಗ ಬ್ರಶ್ ಮಾಡಿ ಇಟ್ಟುಕೊಂಡರೆ ಅದೂ ವರ್ಷಗಳ ಕಾಲ ಬಾಳುತ್ತದೆ.

ಅಂಥ ಮೆಟ್ಟು ಮಾಡುವ ಒಬ್ಬರು ಮೈಸೂರಿನಲ್ಲಿದ್ದರು. ಕಾಗದದ ಮೇಲೆ ಪಾದ ಬರೆದು ಫೋನಿನಲ್ಲಿ ಚಿತ್ರ ಕಳಿಸಿದ್ದಾಯಿತು. ಕಳಿಸಿದ ಮೇಲೆ ಶೋಭಿತಾ ತಾನೇ ಫೋನ್ ಮಾಡಿ, ಒಂದು ನಂಬರ್ ದೊಡ್ಡದಿರಲಿ ಎಂದಳು. ಯಾಕೆ ಹಾಗೆ ಹೇಳಿದಳೆಂದು ಅವಳಿಗೂ ಗೊತ್ತಿರಲಿಲ್ಲ. ಮೆಟ್ಟು ಎಂದ ಕೂಡಲೇ ಬಾಯಿಗೆ ಬರುವ ಮಾತು ಅದು. ಬಂದ ಜೊತೆಯನ್ನು ನೋಡಿ ಹಂಸ ನಕ್ಕರು.

"ಇದರೊಳಗೆ ನೀನೂ ನಾನೂ ಒಟ್ಟಿಗೇ ಕಾಲಿಡಬಹುದು ಕಣೇ. ಬೆರಳು ಅಂಚು ಮುಟ್ಟಬೇಕು, ದಾಟಬಾರದು. ಚರ್ಮ ಆಮೇಲೆ ತಾನೇ ಸಡಿಲ ಆಗತ್ತೆ."

ಆ ಜೊತೆ ವಾಪಸು ಹೋಗಿ ಬೇರೆಯದು ಬಂತು. ಕಡು ಕೆಂಪು ಬಣ್ಣ. ಹಾಕಿಕೊಂಡು ಒಂದು ಸುತ್ತು ತಿರುಗಿದ ಶೋಭಿತಾ ಕಿಟಕಿಯ ಬಳಿ ಹೋಗಿ ನಿಂತಳು. ಅಷ್ಟು ವರ್ಷದಲ್ಲಿ ಅವಳ ಅಳತೆಗೇ ಬಂದ ಮೊದಲ ಮೆಟ್ಟು ಅದು.

ಕುಣಿದು ತೋರಿಸಬೇಕಾಗಿದ್ದದ್ದು ಸೋಮವಾರ ಮಧ್ಯಾಹ್ನ. ಮುಖ ತೋರಿಸಿ ಹೋಗು ಎಂದು ತಾಯಿ ಮಲ್ಲಿಗಮ್ಮ ಕರೆದದ್ದರಿಂದ ಭಾನುವಾರ ಅವಳು ಊರಿಗೆ ಬಂದಳು. ಬಟ್ಟೆಯ ಚೀಲದಿಂದ ಕೆಂಪು ಜೊತೆ ತೆಗೆದು ತೋರಿಸಿದಳು. ಇಷ್ಟೆತ್ತರ ಹತ್ತಿ ನಿಂತರೆ ಸೂರು ತಲೆಗೆ ತಗಲುವುದಿಲ್ಲವೇ ಎಂದು ಮಲ್ಲಿಗಮ್ಮ ಕೇಳಿದರು. ಕೆಂಚಯ್ಯನವರು ಒಂದನ್ನು ತಿರುಗಿಸಿ ತಳದ ಮೇಲೆ ಹೆಬ್ಬೆರಳು ಆಡಿಸಿದರು.

"ಇದೇನವ್ವ, ಇಲಿಮರಿ ಮೈ ಇದ್ದಂಗೈತೆ. ಕಲ್ಲ ಮ್ಯಾಲೆ ವಸಿ ಎಳುದ್ರೆ ಕಿತ್ಕಂಬತ್ತದೆ."

"ಕಲ್ಲ ಮ್ಯಾಲೆ ಹಾಕೊಳಕಲ್ಲ ಕಣಪ್ಪ, ಒಳಗಡೆ ನೆಲಕ್ಕೆ. ಇದು ಇಂಗೇ ಇರ್ಬೇಕು."

"ಯಾಕೆ ಇಂಗೇ ಇರ್ಬೇಕು?"

ಅದಕ್ಕೆ ಉತ್ತರ ಕೊಡಬೇಕಾದರೆ ಎದ್ದು ತೋರಿಸಬೇಕಿತ್ತು. ಯಾರ ಹೆಗಲ ಮೇಲೆ ಕೈಯಿಟ್ಟು ಹೇಗೆ ನಿಲ್ಲುತ್ತೇನೆ, ಅವರು ಎದೆಯಿಂದ ಹೇಗೆ ಸೂಚನೆ ಕೊಡುತ್ತಾರೆ, ಆಗ ಪಾದ ಯಾಕೆ ತಿರುಗಬೇಕು, ಎಲ್ಲವನ್ನೂ ಹೇಳಬೇಕಿತ್ತು. ಶೋಭಿತಾ "ಅದು ಅಂಗೇಯ" ಎಂದು ಹೇಳಿ ತಲೆಗೆ ನೀರು ಹಾಕಿಕೊಳ್ಳಲು ಎದ್ದು ಹೋದಳು.

ಊಟವಾದ ಮೇಲೆ ಅವಳಿಗೆ ನಿದ್ದೆ ಹತ್ತಿತು. ಎದ್ದಾಗ ಅಪ್ಪ ಇರಲಿಲ್ಲ. ಅರಕಲಗೂಡಿಗೆ ಹೋಗಿದ್ದಾರೆ, ಏನು ಕೆಲಸವೋ ತಿಳಿಯದು ಎಂದರು ಮಲ್ಲಿಗಮ್ಮ. ದೀಪ ಹಚ್ಚುವ ಹೊತ್ತಿಗೆ ಕೆಂಚಯ್ಯನವರು ಬಂದು ಕೈಕಾಲು ತೊಳೆದರು. ಕೆಂಪು ಜೊತೆಯ ಬಟ್ಟೆಯ ಚೀಲ ಗೋಡೆಯ ಮೊಳೆಯಲ್ಲಿ ಮೊದಲಿನಂತೆಯೇ ನೇತಾಡುತ್ತಿತ್ತು. ಅರಕಲಗೂಡಿನ ಕೆಲಸದ ಬಗ್ಗೆ ಅವರು ಏನೂ ಹೇಳಲಿಲ್ಲ. ಅಕ್ಕಿ ತೊಳೆದೇ ಒಲೆಗಿಟ್ಟೆ ಎಂದು ಯಾರೂ ಹೇಳುವುದಿಲ್ಲ. ಆ ಮನೆಯಲ್ಲಿ ಹೊಸ ಮೆಟ್ಟಿನ ಕೆಲಸವೂ ಹಾಗೆಯೇ. ಮರುದಿನ ಬೆಳಿಗ್ಗೆ ಚೀಲ ಹೆಗಲಿಗೇರಿಸಿದಾಗ ಅದು ನಿನ್ನೆಗಿಂತ ಭಾರ ಅನ್ನಿಸಿತು. ಅವ್ವ ತಿಂಡಿ ಕಟ್ಟಿರಬೇಕೆಂದುಕೊಂಡು ಶೋಭಿತಾ ಬಸ್ಸಿಗೆ ಓಡಿದಳು.

ಹಾಸನದಿಂದ ಬಂದು ಹೊಳೆನರಸೀಪುರದಲ್ಲಿ ಕಾಯುತ್ತಿದ್ದ ಆತ್ರೇಯ ಮತ್ತು ಹಂಸ ಅದೇ ಬಸ್ಸು ಹತ್ತಿದರು. ಚನ್ನರಾಯಪಟ್ಟಣದಲ್ಲಿ ಇಳಿದು ಬಸ್ಸು ಬದಲಾಯಿಸಿ, ಹಿರೀಸಾವೆಯಿಂದ ಆಟೋದಲ್ಲಿ ರೆಸಾರ್ಟ್ ತಲುಪಿದಾಗ ಬಿಸಿಲು ನೆತ್ತಿಗೇರಿತ್ತು. ಹಾಲ್ ದೊಡ್ಡದು, ಹೊಳೆಯುವ ಮರದ ನೆಲ. ಕೆಲಸಕ್ಕೆ ಬಂದ ಇನ್ನೊಬ್ಬ ಹೆಂಗಸು ಆಗಲೇ ತನ್ನ ಜೊತೆಗಾರನೊಂದಿಗೆ ಕುಣಿದು ಮುಗಿಸಿದ್ದಳು. ಮುಂದಿನ ಸರದಿ ಶೋಭಿತಾಳದು.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಅವಳು ಚೀಲದ ಗಂಟು ಬಿಚ್ಚಿದಳು. ಕೆಂಪು ಚರ್ಮದ ಕೆಳಗೆ ಕಪ್ಪು ರಬ್ಬರು, ಟೈರಿನ ಗೀರುಗಳ ಸಮೇತ. ಅಂಚಿನ ಸುತ್ತ ಬಿಳಿ ದಾರದ ಹೊಲಿಗೆ, ಒಂದರ ಪಕ್ಕ ಒಂದು, ಒಂದೇ ಸಮನೆ. ಹಿಮ್ಮಡಿಯ ತುದಿಗೂ ಬಿಲ್ಲೆಯಗಲದ ತುಂಡೊಂದು ಅಂಟಿತ್ತು. ಸಿದ್ದೇಶ್ವರ ಮನಸ್ಸಿಟ್ಟು ಮಾಡಿದ್ದ.

ಏನಾಗಿದೆ ಎಂದು ಅವಳು ಹಂಸರಿಗೆ ಹೇಳಬೇಕಾಗಲಿಲ್ಲ. ಹಂಸ ಚಿಕ್ಕ ಕತ್ತರಿ ತೆಗೆದು ಒಂದು ಕಡೆಯಿಂದ ಹೊಲಿಗೆ ಕತ್ತರಿಸಿದರು. ದಾರ ಬಂತು, ಗೋಂದು ಬಿಡಲಿಲ್ಲ. ಎಳೆದರೆ ಮೆದು ಚರ್ಮವೂ ರಬ್ಬರಿನ ಜೊತೆಗೇ ಕಿತ್ತುಬಂದು, ಒಳಗಿನ ರಟ್ಟು ಕಾಣಿಸಿತು. ಅವರು ಕೈಬಿಟ್ಟರು.

"ಬರಿಗಾಲಲ್ಲಿ ಮಾಡಿಬಿಡು ಶೋಭಿ. ನಾನು ಅವರ ಹತ್ರ ಮಾತಾಡ್ತೀನಿ."

ಬಾಗಿಲ ಸಂದಿಯಿಂದ ಹಾಲ್ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ರೆಸಾರ್ಟಿನವರು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಎಲ್ಲರ ಕಾಲಲ್ಲೂ ಬೂಟು. ಮೆಟ್ಟು ಕೈಯಲ್ಲಿ ಹಿಡಿದವರ ಹಾಗೆ ಬರಿಗಾಲಲ್ಲಿ ಅವರ ಮುಂದೆ ಹಾಯಲು ಶೋಭಿತಾಗೆ ಮನಸ್ಸು ಬರಲಿಲ್ಲ. ಎತ್ತರವಿಲ್ಲದಿದ್ದರೆ ಆತ್ರೇಯರ ತೋಳಿನ ಅಂದಾಜು ತಪ್ಪುತ್ತದೆ ಎಂದು ಹಂಸರಿಗೆ ಹೇಳಿದಳು. ಅದೂ ನಿಜವೇ. ತಿರುಗುವ ಕಡೆಯಲ್ಲೆಲ್ಲ ಪಾದ ಎತ್ತಿ ಇಟ್ಟುಕೊಳ್ಳುತ್ತೇನೆ ಎಂದು ಕಣಕಾಲಿನ ಪಟ್ಟಿ ಬಿಗಿದಳು.

ಮೊದಮೊದಲು ಎಲ್ಲ ಸರಿಹೋಯಿತು. ನಡಿಗೆಗೆ ರಬ್ಬರು ತೊಂದರೆ ಕೊಡಲಿಲ್ಲ. ಸಣ್ಣ ತಿರುವುಗಳಲ್ಲಿ ಅವಳು ಪಾದ ಎತ್ತಿದಳು. ಆತ್ರೇಯ ಅದನ್ನು ಅರಿತು ನಿಧಾನಿಸಿದರು. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿ ನೋಡತೊಡಗಿದರು. ಅದನ್ನು ಶೋಭಿತಾ ಕಂಡಳು. ಕೆಲಸ ಸಿಕ್ಕಿತು ಎಂದು ಅವಳಿಗೆ ಅನ್ನಿಸಿದ್ದು ಆಗ. ಆ ಖುಷಿಯಲ್ಲೇ ಪಾದ ಎತ್ತುವುದನ್ನು ಅವಳ ಮೈ ಮರೆಯಿತು. ಹಾಡು ಏರಿದ ಕಡೆ, ಎಷ್ಟೋ ಸಂಜೆ ರೂಢಿಯಾಗಿದ್ದ ಹಾಗೆ, ಬಲಪಾದದ ಮೇಲೆ ಮೈಯೆಲ್ಲ ಹಾಕಿ ತಿರುಗಿದಳು. ಸೊಂಟ ತಿರುಗಿತು, ತೊಡೆ ತಿರುಗಿತು. ಪಾದ ನೆಲ ಕಚ್ಚಿ ನಿಂತಿತು. ಮಂಡಿಯೊಳಗೆ ಹಸಿ ಕಡ್ಡಿ ಮುರಿದಂಥ ಸದ್ದು ಆತ್ರೇಯರಿಗೂ ಕೇಳಿಸಿತು.

ಹಾಸನದ ಡಾಕ್ಟರು ಸ್ಕ್ಯಾನಿಂಗ್ ಫಿಲಂ ನೋಡಿ, ಮಂಡಿಯ ಒಳಗಿನ ನಾರು ಹರಿದಿದೆ ಎಂದರು. ಆಪರೇಷನ್ ಆದರೆ ನಡೆದಾಡಬಹುದು. ಒಂಟಿಕಾಲಿನ ಮೇಲೆ ತಿರುಗುವ ಯಾವುದನ್ನೂ ಇನ್ನು ಮರೆತುಬಿಡಿ ಎಂದರು. ರೆಸಾರ್ಟಿನ ಕೆಲಸ ಆ ಇನ್ನೊಬ್ಬ ಹೆಂಗಸಿಗೆ ಹೋಯಿತು. ಆತ್ರೇಯ ಮಹಡಿಯ ಬೀಗದ ಕೈ ಮಾಲೀಕರಿಗೆ ಒಪ್ಪಿಸಿದರು. ಆಪರೇಷನ್ ಮುಗಿದು ತಿಂಗಳುಗಳು ಕಳೆದ ಮೇಲೆ ಫ್ಯಾಕ್ಟರಿಯವರು ಶೋಭಿತಾಳನ್ನು ವಾಪಸು ತೆಗೆದುಕೊಂಡರು. ನಿಲ್ಲಲಾರದವಳಾದ್ದರಿಂದ, ಹೊಲಿದ ಬಟ್ಟೆಯ ತುದಿದಾರ ಕತ್ತರಿಸುವ ಕಡೆ ಕೂರಿಸಿದರು. ಆ ಫ್ಯಾಕ್ಟರಿಯಲ್ಲಿ ಕೂತು ಮಾಡುವ ಕೆಲಸ ಅವಳಿಗೆ ಸಿಕ್ಕಿದ್ದು ಹೀಗೆ.

ನುಣ್ಣನೆ ನೆಲದ ಮೇಲೆ ಬಿದ್ದಳೆಂದಷ್ಟೇ ಊರಿನಲ್ಲಿ ಗೊತ್ತಿತ್ತು. ಅಟ್ಟೆಯ ವಿಷಯ ಅಪ್ಪನಿಗೆ ಹೇಳಿದೆಯಾ ಎಂದು ಹಂಸ ಒಂದು ದಿನ ಕೇಳಿದರು.

"ಹೇಳಿ ಏನ್ಮಾಡ್ಲಿ ಅಕ್ಕ? ಕಾಲು ವಾಪಸು ಬತ್ತದಾ? ಅವರಿಗೊಂದು ನೋವು ಹೊಸದಾಗಿ ಸೇರ್ಕೊತದೆ, ಅಷ್ಟೆ."

ಮಾಗಿಯಲ್ಲಿ ಕೆಂಚಯ್ಯನವರು ಮಗಳನ್ನು ನೋಡಲು ಹಾಸನಕ್ಕೆ ಬಂದರು. ಅವಳ ಬಾಡಿಗೆ ಕೋಣೆಯ ಮೂಲೆಯಲ್ಲಿ ಕೆಂಪು ಜೊತೆ ಇತ್ತು. ಎತ್ತಿಕೊಂಡು ಬೆಳಕಿಗೆ ಹಿಡಿದರು. ಒಂದು ಕಡೆ ಹೊಲಿಗೆ ಬಿಟ್ಟಿದ್ದನ್ನು ಕಂಡು ಸಿದ್ದೇಶ್ವರನನ್ನು ಬೈದುಕೊಂಡರು. ಉಗುರಿನಿಂದ ಕೆದಕಿ ನೋಡಿದರು. ಉಳಿದ ಕಡೆ ರಬ್ಬರು ಜಗ್ಗಲಿಲ್ಲ.

"ಆವತ್ತು ಅಟ್ಟೆ ಹಾಕ್ಸಿದ್ದಕ್ಕೆ ಇಷ್ಟರಲ್ಲಿ ಓಯ್ತು ಕಣವ್ವ. ಇಲ್ದಿದ್ರೆ ಆ ನುಣ್ಣನೆ ನೆಲದಲ್ಲಿ ಜಾರಿ ಸೊಂಟನೇ ಮುರ್ಕಂಬುಡ್ತಿದ್ದೆ."

"ಊಂ ಕಣಪ್ಪ" ಎಂದಳು ಶೋಭಿತಾ.

ಅವರು ತಮ್ಮ ಚೀಲದಿಂದ ಒಂದು ಹೊಸ ಜೊತೆ ಚಪ್ಪಲಿ ತೆಗೆದರು. ಆಗಲೇ ಅರಕಲಗೂಡಿಗೆ ಹೋಗಿಬಂದಿದ್ದವು. ಕಪ್ಪು ಅಟ್ಟೆ, ಬಿಳಿ ದಾರ. ಎಡಗಾಲನ್ನು ಅವಳೇ ತೂರಿಸಿಕೊಂಡಳು. ಬಲಮಂಡಿ ಅಷ್ಟು ಮಡಚುತ್ತಿರಲಿಲ್ಲ. ಕೆಂಚಯ್ಯನವರು ನೆಲದ ಮೇಲೆ ಕೂತು, ಅವಳ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ತಾವೇ ಹಾಕಿ ಪಟ್ಟಿ ಎಳೆದರು.

"ವಸಿ ದೊಡ್ಡದೇ ತಂದಿವ್ನಿ" ಎಂದರು. "ಬಾಳಿಕೆ ಬತ್ತದೆ."

ಶೋಭಿತಾ ಎದ್ದು ನಿಂತಳು. ನಡೆದು ನೋಡು ಎಂದರು ಅಪ್ಪ. ಅವಳು ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಡೆದು, ಅಲ್ಲಿ ಬಲಗಾಲನ್ನು ಎತ್ತಿ ಎತ್ತಿ ಇಡುತ್ತ ಮೆಲ್ಲನೆ ಹಿಂತಿರುಗಿದಳು.